ಕತ್ತಲಲ್ಲಿ ಗೀಚಿದ ಕುಣಿತ

ಪ್ಯಾರಿಸ್ಸಿನ ಶಾಂಜೆಲೀಜೆ ರಂಗಮಂದಿರ ಬಾಗಿಲು ತೆರೆದು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಕಾಂಕ್ರೀಟಿನಲ್ಲಿ ಎದ್ದುನಿಂತಿದ್ದ ಆ ಹೊಸ ಕಟ್ಟಡದಲ್ಲಿ 1913ರ ಮೇ 29ರ ಗುರುವಾರ ರಾತ್ರಿ ಊರಿನ ಸಿರಿವಂತರು, ಬರಹಗಾರರು, ಚಿತ್ರಕಾರರು, ಸಂಗೀತಗಾರರು ಒತ್ತೊತ್ತಾಗಿ ಕೂತಿದ್ದರು. ಮೊದಲು ಬಂದ ‘ಲೇ ಸಿಲ್ಫೀದ್’ ಬ್ಯಾಲೆ ಬಿಳಿ ಉಡುಪು, ಬೆಳದಿಂಗಳು, ಶೋಪಾನ ಸಂಗೀತದಲ್ಲಿ ಸದ್ದಿಲ್ಲದೆ ಮುಗಿಯಿತು. ಎರಡನೆಯ ಬ್ಯಾಲೆ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಒಬ್ಬ ನಕ್ಕ, ಇನ್ನೊಬ್ಬ ಸಿಳ್ಳೆ ಹಾಕಿದ, ಮತ್ತೊಬ್ಬ ಅವರಿಬ್ಬರನ್ನೂ ಬೈದ. ಮುಂದಿನದು ಬರಿಯ ರಂಪ. ವಾದ್ಯಗಳ ಸದ್ದು ವೇದಿಕೆಯ ಮೇಲೆ ಕುಣಿಯುತ್ತಿದ್ದವರಿಗೇ ಕೇಳದಾಯಿತು. ನೃತ್ಯ ಸಂಯೋಜಕ ವಾಸ್ಲಾವ್ ನಿಜಿನ್‌ಸ್ಕಿ ಪರದೆಯ ಮಗ್ಗುಲಲ್ಲಿ ಕುರ್ಚಿ ಹತ್ತಿ ನಿಂತು, ರಷ್ಯನ್ ಭಾಷೆಯಲ್ಲಿ ಎಣಿಕೆ ಕೂಗುತ್ತಿದ್ದ. ಕಂಪನಿಯ ಯಜಮಾನ ಸರ್ಗೇಯ್ ದ್ಯಾಗಿಲೆವ್ ಸಭೆಯನ್ನು ತಣ್ಣಗಾಗಿಸಲು ದೀಪ ಹಚ್ಚಿಸಿದ, ಆರಿಸಿದ, ಮತ್ತೆ ಹಚ್ಚಿಸಿದ. ವಾದ್ಯವೃಂದದ ನಿರ್ದೇಶಕ ಪಿಯೆರ್ ಮೊಂತೂ ಮಾತ್ರ ತಲೆ ಎತ್ತದೆ ಕೊನೆಯ ಸ್ವರದವರೆಗೂ ನುಡಿಸಿ ಮುಗಿಸಿದ.

ಸಭಾಂಗಣದ ನಡುಮಧ್ಯದ ಎರಡು ಬಾಕ್ಸುಗಳ ಸಂದಿಯಲ್ಲಿ 26 ವರ್ಷದ ಹೆಣ್ಣುಮಗಳೊಬ್ಬಳು ನಿಂತೇ ಇದ್ದಳು. ಹೆಸರು ವ್ಯಾಲಂಟೀನ್ ಗ್ರೋಸ್. ಭೂಕಂಪವಾದಾಗಿನಂತೆ ಮಂದಿರವೇ ಅಲುಗಾಡಿತು ಎಂದು ಆಕೆ ಮುಂದೆ ನೆನಪಿಸಿಕೊಂಡಳು. ಗೆಳೆಯರೊಡನೆ ಚಪ್ಪಾಳೆ ತಟ್ಟಿದ್ದನ್ನೂ, ಸಭೆಯಲ್ಲಿ ನಡೆದದ್ದನ್ನೂ ವೇದಿಕೆಯಲ್ಲಿ ನಡೆದದ್ದನ್ನೂ ಒಂದಿಷ್ಟೂ ಬಿಡದೆ ನೋಡಿದ್ದನ್ನೂ ಹೇಳಿಕೊಂಡಳು. ಹೊರಗಿನ ಮೊಗಸಾಲೆಯ ಗೋಡೆಗಳ ಮೇಲೆ ಆಗ ತೂಗುತ್ತಿದ್ದದ್ದು ಅವಳದೇ ಚಿತ್ರಗಳು. ಇದೇ ರಷ್ಯನ್ ಕಂಪನಿಯ ಹಿಂದಿನ ವರ್ಷಗಳ ಕುಣಿತಗಳನ್ನು ನೋಡಿ ಬರೆದವು ಅವು.

ಆ ಎರಡನೆಯ ಬ್ಯಾಲೆಯ ಹೆಸರು ‘ರೈಟ್ ಆಫ್ ಸ್ಪ್ರಿಂಗ್’. ಕನ್ನಡದಲ್ಲಿ ‘ವಸಂತಬಲಿ’ ಎನ್ನಬಹುದು. ಸಂಗೀತ ಇಗೊರ್ ಸ್ಟ್ರಾವಿನ್‌ಸ್ಕಿಯದು, ದೃಶ್ಯ ಮತ್ತು ಉಡುಪು ನಿಕೋಲಸ್ ರೋರಿಕ್ ಅವರದು. ಆ ರಾತ್ರಿಯ ಗಲಾಟೆಯ ಕಥೆಯನ್ನು ನೂರು ವರ್ಷಗಳಿಂದ ಸಾವಿರ ಬಾಯಿ ಹೇಳಿವೆ. ಆದರೆ ಅಷ್ಟು ಜನ ರೊಚ್ಚಿಗೇಳುವಂತೆ ವೇದಿಕೆಯ ಮೇಲೆ ಕುಣಿದದ್ದಾದರೂ ಏನು? ಕೈ ಎಲ್ಲಿತ್ತು, ಕಾಲು ಎತ್ತ ತಿರುಗಿತ್ತು, ಯಾವ ಸ್ವರಕ್ಕೆ ಯಾರು ನೆಗೆದರು? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದವರೆಲ್ಲ ಕೊನೆಗೆ ಹೋಗಿ ನಿಂತದ್ದು ಬಾಕ್ಸುಗಳ ನಡುವೆ ನಿಂತಿದ್ದ ಆ ಹೆಣ್ಣುಮಗಳ ಪೆನ್ಸಿಲ್ ಗೀರುಗಳ ಮುಂದೆ.

ವ್ಯಾಲಂಟೀನ್ ಹುಟ್ಟಿದ್ದು 1887ರಲ್ಲಿ, ಫ್ರಾನ್ಸಿನ ಉತ್ತರ ಕರಾವಳಿಯ ಬೂಲೋನ್ ಪಟ್ಟಣದಲ್ಲಿ. ಚಿತ್ರಕಲೆ ಕಲಿಯಲು ಪ್ಯಾರಿಸ್ಸಿಗೆ ಬಂದು ಅಲ್ಲಿನ ಎಕೋಲ್ ದೆ ಬೋಸಾರ್‌ನಲ್ಲಿ ವಿದ್ಯಾರ್ಥಿನಿಯಾದಳು. 1909ರ ಮೇ ತಿಂಗಳಲ್ಲಿ ದ್ಯಾಗಿಲೆವ್ ತನ್ನ ಕಂಪನಿಯನ್ನು ಮೊದಲ ಬಾರಿಗೆ ಪ್ಯಾರಿಸ್ಸಿನ ಶಾತಲೆ ರಂಗಮಂದಿರಕ್ಕೆ ಕರೆತಂದ. ‘ಬ್ಯಾಲೆ ರೂಸ್’ ಎಂದು ಲೋಕಪ್ರಸಿದ್ಧವಾದ ಕಂಪನಿ ಅದು. ಬ್ಯಾಲೆ ಎಂದರೆ ಸೊರಗಿದ ಕಲೆ, ಒಪೆರಾದ ನಡುವೆ ಹೊತ್ತು ಕಳೆಯುವ ಸಾಧನ ಎಂದುಕೊಂಡಿದ್ದ ಫ್ರೆಂಚರ ಕಣ್ಣಿಗೆ ಬಣ್ಣ, ನಾದ, ದೇಹ ಒಟ್ಟಿಗೆ ನುಗ್ಗಿ ಬಂದವು. ನಿಜಿನ್‌ಸ್ಕಿ ನೆಗೆದರೆ ಗಾಳಿಯಲ್ಲಿ ಒಂದು ಗಳಿಗೆ ನಿಂತೇ ಬಿಡುತ್ತಾನೆ ಎಂದು ಊರೆಲ್ಲ ಮಾತಾಡಿಕೊಂಡಿತು. ವ್ಯಾಲಂಟೀನ್ ಆ ಮೊದಲ ವರ್ಷವೇ ಮರುಳಾದಳು. ಅಂದಿನಿಂದ 1913ರವರೆಗೆ ಕಂಪನಿ ಪ್ಯಾರಿಸ್ಸಿಗೆ ಬಂದಾಗಲೆಲ್ಲ ಅವಳ ಕೈಯಲ್ಲಿ ಚಿಕ್ಕ ನೋಟ್‌ಬುಕ್ಕು, ಪೆನ್ಸಿಲು ಇರುತ್ತಿದ್ದವು.

ಸಭಾಂಗಣದಲ್ಲಿ ಕತ್ತಲೆ. ಬರೆಯುತ್ತಿರುವ ಹಾಳೆ ಬರೆಯುವವಳಿಗೇ ಕಾಣಿಸದು. ಕಣ್ಣು ವೇದಿಕೆಯ ಮೇಲೆ, ಕೈ ಹಾಳೆಯ ಮೇಲೆ. ತಗ್ಗಿ ಹಾಳೆ ನೋಡಿದರೆ ಅಷ್ಟರಲ್ಲಿ ಕುಣಿತ ಮುಂದೆ ಹೋಗಿಬಿಟ್ಟಿರುತ್ತದೆ. ಹೀಗೆ ಹುಟ್ಟಿದ ಗೀರುಗಳಲ್ಲಿ ಮುಖವಿಲ್ಲ, ಬೆರಳುಗಳಿಲ್ಲ, ಎಷ್ಟೋ ಕಡೆ ಒಂದು ಗೆರೆ ಇನ್ನೊಂದರ ಮೇಲೆ ಹಾದಿದೆ. ಆದರೆ ಬೆನ್ನು ಎಷ್ಟು ಬಾಗಿತ್ತು, ಭಾರ ಯಾವ ಕಾಲಿನ ಮೇಲಿತ್ತು, ನೆಗೆದ ಮೈ ಮೇಲೇರುತ್ತಿತ್ತೋ ಇಳಿಯುತ್ತಿತ್ತೋ ಎಂಬುದು ಸ್ಪಷ್ಟ. ಮನೆಗೆ ಬಂದ ಮೇಲೆ ಇವುಗಳಲ್ಲಿ ಕೆಲವನ್ನು ಶಾಯಿಯಲ್ಲಿ ತಿದ್ದುತ್ತಿದ್ದಳು, ಕೆಲವನ್ನು ಪ್ಯಾಸ್ಟೆಲ್ ಬಣ್ಣದಲ್ಲಿ ಬೆಳೆಸುತ್ತಿದ್ದಳು.

ಬ್ಯಾಲೆ ರೂಸ್‌ನ ಚಿತ್ರಗಳಿಗೆ ಆ ಕಾಲದಲ್ಲಿ ಬರವಿರಲಿಲ್ಲ. ಆದರೆ ಅವುಗಳ ಜಾತಿ ಬೇರೆ. ಲಿಯೊನ್ ಬಾಕ್ಸ್ಟ್ ಬರೆದ ಉಡುಪಿನ ಚಿತ್ರಗಳು ಇಂದಿಗೂ ಕಣ್ಣು ಕೋರೈಸುತ್ತವೆ. ಅವು ಕುಣಿತ ಹುಟ್ಟುವ ಮೊದಲೇ ಬರೆದವು. ದರ್ಜಿಗೆ, ಬಣ್ಣದವನಿಗೆ ಕೊಟ್ಟ ಸೂಚನೆಗಳು. ಜಾರ್ಜ್ ಬಾರ್ಬಿಯೆ 1913ರಲ್ಲಿ ನಿಜಿನ್‌ಸ್ಕಿಯ ನೃತ್ಯಗಳ ಮೇಲೊಂದು ಚಿತ್ರಸಂಪುಟ ತಂದ. ಅದರಲ್ಲಿ ಗೆರೆ ಬಳುಕುತ್ತದೆ, ದೇಹ ಆಭರಣವಾಗುತ್ತದೆ. ನಿಜಿನ್‌ಸ್ಕಿಗಿಂತ ಬಾರ್ಬಿಯೆಯೇ ಹೆಚ್ಚು ಕಾಣುತ್ತಾನೆ. ಶಿಲ್ಪಿ ರೊದ್ಯಾನ್ 1912ರಲ್ಲಿ ನಿಜಿನ್‌ಸ್ಕಿಯನ್ನು ತನ್ನ ಕಾರ್ಯಾಗಾರಕ್ಕೆ ಕರೆಸಿ ಸಣ್ಣದೊಂದು ಮೂರ್ತಿ ಮಾಡಿದ. ಛಾಯಾಗ್ರಾಹಕರು ನರ್ತಕರನ್ನು ಸ್ಟುಡಿಯೋಗೆ ಕರೆದು ಅಲುಗಾಡದಂತೆ ನಿಲ್ಲಿಸಿ ಫೋಟೋ ತೆಗೆದರು, ಏಕೆಂದರೆ ವೇದಿಕೆಯ ಮಬ್ಬು ಬೆಳಕಿನಲ್ಲಿ ಚಲಿಸುವ ದೇಹವನ್ನು ಹಿಡಿಯುವಷ್ಟು ಚುರುಕಾದ ಗಾಜಿನ ಪ್ಲೇಟುಗಳು ಆಗ ಇರಲಿಲ್ಲ. ಸಿನಿಮಾ ಕ್ಯಾಮೆರಾವನ್ನು ದ್ಯಾಗಿಲೆವ್ ಹತ್ತಿರ ಸೇರಿಸಲಿಲ್ಲ. ಹಾಗಾಗಿ ಕುಣಿತ ಕುಣಿಯುತ್ತಿರುವಾಗಲೇ ಕಂಡಂತೆ ಹಿಡಿಯುವ ಕೆಲಸ ಪೆನ್ಸಿಲಿನ ಪಾಲಿಗೆ ಉಳಿಯಿತು. ವ್ಯಾಲಂಟೀನ್ ಅದನ್ನು ಐದು ವರ್ಷ ಹಟ ಹಿಡಿದು ಮಾಡಿದಳು.

ಆ ಐದು ವರ್ಷಗಳಲ್ಲಿ ಅವಳ ಕಣ್ಣೆದುರೇ ಬ್ಯಾಲೆ ಮಗ್ಗುಲು ಬದಲಿಸಿತು. ಮೊದಲ ವರ್ಷಗಳ ನೃತ್ಯಗಳನ್ನು ಸಂಯೋಜಿಸಿದವನು ಮಿಖಾಯಿಲ್ ಫೋಕಿನ್. 1911ರ ‘ಗುಲಾಬಿಯ ಛಾಯೆ’ಯಲ್ಲಿ ನಿಜಿನ್‌ಸ್ಕಿ ಹೂವಿನ ಎಸಳುಗಳ ಉಡುಪು ತೊಟ್ಟು ಕಿಟಕಿಯಿಂದಾಚೆ ಹಾರಿಹೋಗುತ್ತಿದ್ದ; ಅದೇ ವರ್ಷದ ‘ಪೆಟ್ರೂಷ್ಕಾ’ದಲ್ಲಿ ನೋವುಣ್ಣುವ ಬೊಂಬೆಯಾದ. 1912ರಲ್ಲಿ ಅವನೇ ಸಂಯೋಜಕನಾಗಿ ‘ಫಾನ್‌ನ ಮಧ್ಯಾಹ್ನ’ ಮಾಡಿದಾಗ ನೆಗೆತ ಬಹುಮಟ್ಟಿಗೆ ಮಾಯವಾಯಿತು. ಗ್ರೀಕ್ ಹೂಜಿಗಳ ಮೇಲಿನ ಆಕೃತಿಗಳಂತೆ ನರ್ತಕರು ಪಕ್ಕಕ್ಕೆ ಮುಖ ಮಾಡಿ, ಪಾದ ಪೂರ್ತಿ ಊರಿ, ಕಿರಿದಾದ ಪಟ್ಟಿಯೊಂದರ ಮೇಲೆ ಅತ್ತಿಂದಿತ್ತ ನಡೆದರು. 1913ರ ಮೇ 15ರಂದು, ‘ವಸಂತಬಲಿ’ಗೆ ಬರಿಯ ಎರಡು ವಾರ ಮೊದಲು, ದಬೂಸ್ಸಿಯ ಸಂಗೀತಕ್ಕೆ ‘ಜೂ’ ಎಂಬ ಬ್ಯಾಲೆ ಬಂತು. ಅದರಲ್ಲಿ ಮೂವರೇ ನರ್ತಕರು. ಕಳೆದುಹೋದ ಟೆನಿಸ್ ಚೆಂಡು ಹುಡುಕುವ ನೆಪದಲ್ಲಿ ತೋಟದಲ್ಲಿ ಸರಸವಾಡುವ ಅಂದಿನ ಕಾಲದ ತರುಣ ತರುಣಿಯರು. ವ್ಯಾಲಂಟೀನ್ ಅದನ್ನೂ ಪ್ಯಾಸ್ಟೆಲ್‌ನಲ್ಲಿ ಹಿಡಿದಿಟ್ಟಳು.

‘ವಸಂತಬಲಿ’ಯ ಬೀಜ ಬೇರೆ ಕಡೆ ಮೊಳೆತಿತ್ತು. 1911ರ ಬೇಸಿಗೆಯಲ್ಲಿ ಸ್ಟ್ರಾವಿನ್‌ಸ್ಕಿ ಮತ್ತು ರೋರಿಕ್ ರಷ್ಯದ ತಲಾಷ್ಕಿನೊ ಎಂಬಲ್ಲಿ, ರಾಜಕುಮಾರಿ ತೆನಿಶೇವಾಳ ಎಸ್ಟೇಟಿನಲ್ಲಿ ಕೂತು ಕಥೆಯ ಹಂದರ ಕಟ್ಟಿದರು. ರೋರಿಕ್ ಚಿತ್ರಕಾರರಷ್ಟೇ ಅಲ್ಲ, ಪುರಾತತ್ತ್ವವನ್ನೂ ಬಲ್ಲವರು. ಹಳೆಯ ಸ್ಲಾವ್ ಸಮಾಧಿದಿಬ್ಬಗಳನ್ನು ಅಗೆದು ನೋಡಿದವರು. ತೆನಿಶೇವಾಳ ಬಳಿ ಹಳ್ಳಿಗರ ಕಸೂತಿ, ಉಡುಪುಗಳ ದೊಡ್ಡ ಸಂಗ್ರಹವಿತ್ತು. ಕಥೆ ಸರಳ. ಮೊದಲ ಭಾಗದಲ್ಲಿ ವಸಂತ ಬಂದಿದೆ. ಬುಡಕಟ್ಟುಗಳು ಕುಣಿಯುತ್ತವೆ, ಕಾದಾಡುತ್ತವೆ, ಕುಲದ ಹಿರಿಯನೊಬ್ಬ ನೆಲಕ್ಕೆ ಮುತ್ತಿಡುತ್ತಾನೆ. ಎರಡನೆಯ ಭಾಗದಲ್ಲಿ ರಾತ್ರಿ. ಕನ್ಯೆಯರು ವೃತ್ತದಲ್ಲಿ ಸುತ್ತುತ್ತಾರೆ, ಒಬ್ಬಳು ಆಯ್ಕೆಯಾಗುತ್ತಾಳೆ, ಭೂಮಿ ಚಿಗುರಲೆಂದು ಅವಳು ಸಾಯುವವರೆಗೆ ಕುಣಿಯುತ್ತಾಳೆ. ಒಟ್ಟು ಅರ್ಧ ಗಂಟೆಗಿಂತ ತುಸು ಹೆಚ್ಚು.

ಇಪ್ಪತ್ತೈದು ತುಂಬದ ನಿಜಿನ್‌ಸ್ಕಿಯ ಮುಂದಿದ್ದ ಕಷ್ಟ ಸಂಗೀತದ್ದು. ಕೊನೆಯ ಬಲಿನೃತ್ಯದಲ್ಲಿ ಎಣಿಕೆ ಬಹುತೇಕ ಪ್ರತಿ ಹೆಜ್ಜೆಗೂ ಬದಲಾಗುತ್ತದೆ. ಮೂರು ಎಂದುಕೊಳ್ಳುವಷ್ಟರಲ್ಲಿ ಐದು, ಐದಕ್ಕೆ ಕಾಲು ಹೊಂದಿಸುವಷ್ಟರಲ್ಲಿ ಎರಡು. ಇದನ್ನು ನರ್ತಕರ ಮೈಗೆ ಇಳಿಸುವುದು ಹೇಗೆ? 1912ರ ಕೊನೆಗೆ ದ್ಯಾಗಿಲೆವ್ ಮತ್ತು ನಿಜಿನ್‌ಸ್ಕಿ ಜರ್ಮನಿಯ ಹೆಲೆರಾವ್‌ಗೆ ಹೋದರು. ದೇಹದಿಂದಲೇ ಲಯ ಕಲಿಸುವ ಪದ್ಧತಿಯನ್ನು ರೂಪಿಸಿದ್ದ ಎಮಿಲ್ ಜಾಕ್ ದಾಲ್‌ಕ್ರೋಜ್ ಎಂಬ ಗುರುವಿನ ಶಾಲೆ ಅಲ್ಲಿತ್ತು. ಅಲ್ಲಿಂದ ಮಾರಿ ರ‍್ಯಾಂಬರ್ಟ್ ಎಂಬ ಪೋಲಿಷ್ ಯುವತಿಯನ್ನು ನಿಜಿನ್‌ಸ್ಕಿಗೆ ಸಹಾಯಕಿಯಾಗಿ ಕರೆತಂದರು. ಹೊಡೆತ ಎಣಿಸಿ ಎಣಿಸಿ ಬೇಸತ್ತ ನರ್ತಕರು ಅವಳಿಗೆ ‘ರಿಥ್ಮಿಚ್ಕಾ’ ಎಂದು ಅಡ್ಡಹೆಸರಿಟ್ಟರು. ಲಯದಮ್ಮ ಎಂದ ಹಾಗೆ.

ಬಲಿಯಾಗುವ ಹುಡುಗಿಯ ಪಾತ್ರವನ್ನು ನಿಜಿನ್‌ಸ್ಕಿ ತನ್ನ ತಂಗಿ ಬ್ರೊನಿಸ್ಲಾವಾಳ ಮೈಮೇಲೆ ಕಟ್ಟಿದ್ದ. ಅವಳು ಬಸುರಿಯೆಂದು ತಿಳಿದಾಗ ಸಿಡಿಮಿಡಿಗೊಂಡ. ಪಾತ್ರ ಮಾರಿಯಾ ಪಿಲ್ಟ್ಸ್ ಎಂಬ ನರ್ತಕಿಗೆ ಹೋಯಿತು. ತಾಲೀಮಿನಲ್ಲಿ ನಿಜಿನ್‌ಸ್ಕಿಯೇ ಅವಳಿಗೆ ಆ ನೃತ್ಯವನ್ನು ಕುಣಿದು ತೋರಿಸಿದ್ದನ್ನು ಕಂಡ ರ‍್ಯಾಂಬರ್ಟ್, ಅದರ ಮುಂದೆ ಪಿಲ್ಟ್ಸ್ ಕುಣಿದದ್ದು ಬಣ್ಣ ಮಾಸಿದ ಪ್ರತಿಯಷ್ಟೇ ಎಂದು ಕೊನೆಯವರೆಗೂ ಹೇಳುತ್ತಿದ್ದಳು. ಆ ಮಾಸಿದ ಪ್ರತಿಯೇ ಪ್ಯಾರಿಸ್ಸಿಗೆ ತಡೆಯಲಾರದಷ್ಟಾಯಿತು.

ಏಕೆಂದರೆ ಮುನ್ನೂರು ವರ್ಷಗಳಿಂದ ಬ್ಯಾಲೆ ಕಲಿಸಿದ್ದನ್ನೆಲ್ಲ ನಿಜಿನ್‌ಸ್ಕಿ ತಲೆಕೆಳಗು ಮಾಡಿದ್ದ. ಬ್ಯಾಲೆ ಕಲಿಯುವ ಮಗು ಮೊದಲ ದಿನ ಕಲಿಯುವುದು ಪಾದವನ್ನು ಹೊರಕ್ಕೆ ತಿರುಗಿಸುವುದನ್ನು. ಇಲ್ಲಿ ಹೆಬ್ಬೆರಳುಗಳು ಒಂದನ್ನೊಂದು ನೋಡುವಂತೆ ಪಾದಗಳು ಒಳಕ್ಕೆ ತಿರುಗಿದ್ದವು. ಮಂಡಿ ಮಡಿಸಿತ್ತು, ಬೆನ್ನು ಕುಗ್ಗಿತ್ತು, ತಲೆ ಒಂದು ಪಕ್ಕಕ್ಕೆ ವಾಲಿ ಮುಷ್ಟಿಯ ಮೇಲೋ ಅಂಗೈಯ ಮೇಲೋ ಕೂತಿತ್ತು. ನೆಗೆತದಲ್ಲಿ ಹಗುರವಿರಲಿಲ್ಲ, ನರ್ತಕರು ನೆಲಕ್ಕೆ ದೊಪ್ಪನೆ ಬೀಳುತ್ತಿದ್ದರು, ನೆಲವನ್ನು ತುಳಿಯುತ್ತಿದ್ದರು, ನಡುಗುತ್ತಿದ್ದರು. ಕನ್ಯೆಯರ ತಲೆ ಕೈಮೇಲೆ ವಾಲಿದ್ದು ಕಂಡು ಸಭೆಯಲ್ಲಿ ಯಾರೋ ಹಲ್ಲುನೋವಿರಬೇಕು, ವೈದ್ಯರನ್ನು ಕರೆಯಿರಿ ಎಂದು ಕೂಗಿದರಂತೆ.

ವ್ಯಾಲಂಟೀನ್‌ಳ ಗೀರುಗಳಲ್ಲಿ ಅದೇ ವಾಲಿದ ತಲೆಗಳು ಬೇರೆ ಥರ ಕಾಣುತ್ತವೆ. ಒತ್ತಾಗಿ ನಿಂತ ಹುಡುಗಿಯರ ಗುಂಪು ಒಂದೇ ಜೀವದಂತೆ ಒಂದೇ ಕಡೆ ಬಾಗಿದೆ, ಗಾಳಿಗೆ ಮಲಗಿದ ಪೈರಿನ ಹಾಗೆ. ಗಂಡಸರ ಗುಂಪು ಬಿಲ್ಲಿನಂತೆ ಬಿಗಿದು ನೆಗೆಯುತ್ತದೆ. ನಡುವೆ ಒಂಟಿಯಾಗಿ ಪಿಲ್ಟ್ಸ್: ತೋಳು ಮಡಿಸಿ ಎದೆಗೊತ್ತಿಕೊಂಡವಳು, ಮಂಡಿ ಕೂಡಿಸಿ ಕುಸಿದವಳು, ಮತ್ತೆ ಗಾಳಿಗೆ ಎಗರಿದವಳು. ವ್ಯಾಲಂಟೀನ್ ನಗಲಿಲ್ಲ, ಬೆಚ್ಚಲಿಲ್ಲ. ನಾಲ್ಕು ವರ್ಷ ನಿಜಿನ್‌ಸ್ಕಿಯ ಹಗುರ ನೆಗೆತವನ್ನು ಹಿಡಿದು ಪಳಗಿದ ಕೈ ಈಗ ಭಾರವನ್ನು ಹಿಡಿಯಬೇಕಾಗಿತ್ತು. ಅವಳ ಗೆರೆ ದಪ್ಪವಾಯಿತು, ಮೊನಚಾಯಿತು, ಮುರಿಯಿತು.

ಇಲ್ಲಿಗೆ ನಿಂತಿದ್ದರೂ ಅವು ಸೊಗಸಾದ ಚಿತ್ರಗಳಾಗಿ ಉಳಿಯುತ್ತಿದ್ದವು. ಆದರೆ ಅವಳು ಇನ್ನೊಂದು ಹೆಜ್ಜೆ ಮುಂದೆ ಹೋದಳು. ರಿಚೊತ್ತೊ ಕನುದೊ ಎಂಬ ಇಟಲಿ ಮೂಲದ ಬರಹಗಾರ ಪ್ಯಾರಿಸ್ಸಿನಲ್ಲಿ ‘ಮೊಂಜ್ವಾ!’ ಎಂಬ ಕಲಾಪತ್ರಿಕೆ ನಡೆಸುತ್ತಿದ್ದ. ಅದರ 1913ರ ಜೂನ್ ಸಂಚಿಕೆಯಲ್ಲಿ ವ್ಯಾಲಂಟೀನ್‌ಳ ‘ವಸಂತಬಲಿ’ ಚಿತ್ರಗಳು ಅಚ್ಚಾದವು. ಬಲಿನೃತ್ಯದ ಭಂಗಿಗಳನ್ನು ಆಕೆ ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿದ್ದಳು. ಅವುಗಳ ಜೊತೆಗೇ ಸ್ಟ್ರಾವಿನ್‌ಸ್ಕಿಯ ಸ್ವರಲಿಪಿಯ ತುಣುಕುಗಳನ್ನು ಬರೆದಿದ್ದಳು. ಈ ಸ್ವರ ನುಡಿದಾಗ ಮೈ ಹೀಗಿತ್ತು, ಮುಂದಿನದಕ್ಕೆ ಹೀಗಾಯಿತು ಎಂದು ಓದಬಹುದಾದ ಪುಟ ಅದು. ನೋಡಿದವಳು ಕೇಳಿಸಿಕೊಂಡೂ ಇದ್ದಳು ಎಂಬುದಕ್ಕೆ ಅದೇ ಸಾಕ್ಷಿ. ಅಂದಿನ ಓದುಗರಿಗೆ ಅದೊಂದು ಸೊಗಸಾದ ಪುಟವಾಗಿ ಕಂಡಿರಬೇಕು. ಎಪ್ಪತ್ತು ವರ್ಷಗಳ ಮೇಲೆ ಬಂದವರಿಗೆ ಅದು ಬೀಗದ ಕೈ.

ಬೀಗ ಬಿದ್ದದ್ದು ಬಹಳ ಬೇಗ. ಪ್ಯಾರಿಸ್ಸಿನಲ್ಲಿ, ಆಮೇಲೆ ಜುಲೈನಲ್ಲಿ ಲಂಡನ್ನಿನಲ್ಲಿ ನಡೆದದ್ದೆಲ್ಲ ಸೇರಿಸಿದರೂ ನಿಜಿನ್‌ಸ್ಕಿಯ ‘ವಸಂತಬಲಿ’ ಹತ್ತು ಪ್ರದರ್ಶನಗಳನ್ನು ಕಾಣಲಿಲ್ಲ. ಆಗಸ್ಟಿನಲ್ಲಿ ಕಂಪನಿ ಹಡಗು ಹತ್ತಿ ದಕ್ಷಿಣ ಅಮೆರಿಕಕ್ಕೆ ಹೋಯಿತು. ಸಮುದ್ರಯಾನಕ್ಕೆ ಹೆದರುತ್ತಿದ್ದ ದ್ಯಾಗಿಲೆವ್ ಯುರೋಪಿನಲ್ಲೇ ಉಳಿದ. ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಿಜಿನ್‌ಸ್ಕಿ ರೊಮೊಲಾ ಎಂಬ ಹಂಗೆರಿಯ ಯುವತಿಯನ್ನು ಮದುವೆಯಾದ. ಅವನನ್ನು ಒಲಿದು ಬೆಳೆಸಿದ್ದ ದ್ಯಾಗಿಲೆವ್ ಸುದ್ದಿ ತಿಳಿದು ಕಂಪನಿಯಿಂದಲೇ ಹೊರಹಾಕಿದ. ಸಂಯೋಜಕ ಹೋದ ಮೇಲೆ ಅವನ ಬ್ಯಾಲೆಯನ್ನು ತಾಲೀಮು ಮಾಡಿಸುವವರು ಯಾರು? 1914ರಲ್ಲಿ ಯುದ್ಧ ಬಂತು. 1919ರಲ್ಲಿ ನಿಜಿನ್‌ಸ್ಕಿಯ ಮನಸ್ಸು ಕದಡಿತು. ಅವನು ಮತ್ತೆ ರಂಗಕ್ಕೆ ಮರಳಲಿಲ್ಲ. 1920ರಲ್ಲಿ ದ್ಯಾಗಿಲೆವ್ ‘ವಸಂತಬಲಿ’ಯನ್ನು ಮತ್ತೆ ತರಲು ಹೊರಟಾಗ ಹಳೆಯ ಹೆಜ್ಜೆಗಳನ್ನು ಪೂರ್ತಿಯಾಗಿ ನೆನಪಿಟ್ಟವರೇ ಇರಲಿಲ್ಲ. ಲಿಯೊನೀದ್ ಮಾಸೀನ್ ಅದೇ ಸಂಗೀತಕ್ಕೆ ಬೇರೆ ನೃತ್ಯ ಕಟ್ಟಿದ. ಏಳೇ ವರ್ಷಗಳಲ್ಲಿ ಇಪ್ಪತ್ತನೆಯ ಶತಮಾನದ ಅತಿ ಹೆಸರಾಂತ ಬ್ಯಾಲೆ ಅಳಿಸಿಹೋಗಿತ್ತು.

ಅದೇ ನಿಜಿನ್‌ಸ್ಕಿಯ ‘ಫಾನ್’ ಬದುಕಿ ಉಳಿದ ಬಗೆ ನೋಡಿದರೆ ಈ ನಷ್ಟ ಇನ್ನಷ್ಟು ಚುಚ್ಚುತ್ತದೆ. ಯುದ್ಧ ಕಾಲದಲ್ಲಿ ಶತ್ರುದೇಶದ ಪ್ರಜೆಯೆಂದು ಬುಡಾಪೆಸ್ಟಿನಲ್ಲಿ ಗೃಹಬಂಧನದಲ್ಲಿದ್ದಾಗ, 1915ರಲ್ಲಿ, ನಿಜಿನ್‌ಸ್ಕಿ ತಾನೇ ರೂಪಿಸಿದ ನೃತ್ಯಲಿಪಿಯಲ್ಲಿ ‘ಫಾನ್’ನ ಪ್ರತಿ ಹೆಜ್ಜೆಯನ್ನೂ ಬರೆದಿಟ್ಟ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಆ ಹಸ್ತಪ್ರತಿಯನ್ನು ಆ್ಯನ್ ಹಚಿನ್ಸನ್ ಗೆಸ್ಟ್ ಮತ್ತು ಕ್ಲೌಡಿಯಾ ಯೆಷ್ಕೆ 1980ರ ದಶಕದ ಕೊನೆಗೆ ಓದಿ ಬಿಡಿಸಿದರು. ‘ವಸಂತಬಲಿ’ಗೆ ಅಂಥ ಲಿಪಿ ಇಲ್ಲ. ಇದ್ದದ್ದು ಗುಂಪಾಗಿ ನಿಲ್ಲಿಸಿ ತೆಗೆದ ಕೆಲವು ಫೋಟೋಗಳು, ಪತ್ರಿಕೆಗಳ ವಿಮರ್ಶೆಗಳು, ಜಾಕ್ ರಿವಿಯೇರ್ 1913ರ ನವೆಂಬರಿನಲ್ಲಿ ಬರೆದ ಮರೆಯಲಾಗದ ಲೇಖನ, ಮತ್ತು ವ್ಯಾಲಂಟೀನ್‌ಳ ಗೀರುಗಳು.

ವ್ಯಾಲಂಟೀನ್‌ಳ ಬದುಕು ಅಷ್ಟರಲ್ಲಿ ಬೇರೆ ಬೇರೆ ತಿರುವು ಕಂಡಿತ್ತು. 1915ರಲ್ಲಿ ಕವಿ ಜಾನ್ ಕಾಕ್ತೋನನ್ನೂ ಸಂಗೀತಗಾರ ಎರಿಕ್ ಸಾತಿಯನ್ನೂ ಪರಿಚಯಿಸಿದವಳು ಅವಳೇ. ಆ ಗೆಳೆತನದಿಂದ 1917ರಲ್ಲಿ ಪಿಕಾಸೋ ರಂಗಸಜ್ಜಿಕೆಯ ‘ಪರಾದ್’ ಬ್ಯಾಲೆ ಹುಟ್ಟಿತು. 1919ರಲ್ಲಿ ವಿಕ್ಟರ್ ಹ್ಯೂಗೋನ ಮರಿಮಗ, ಚಿತ್ರಕಾರ ಜಾನ್ ಹ್ಯೂಗೋನನ್ನು ಮದುವೆಯಾಗಿ ವ್ಯಾಲಂಟೀನ್ ಹ್ಯೂಗೋ ಆದಳು. ಡ್ರೆಯರನ ‘ಜೋನ್ ಆಫ್ ಆರ್ಕ್’ ಮೂಕಿ ಚಿತ್ರಕ್ಕೆ ಗಂಡ ಹೆಂಡತಿ ಸೇರಿ ಉಡುಪು ವಿನ್ಯಾಸ ಮಾಡಿದರು. 1930ರ ಸುಮಾರಿಗೆ ಆಕೆ ಆಂದ್ರೆ ಬ್ರೆತೊನ್, ಪೌಲ್ ಎಲುಆರ್ ಅವರ ಸರ್ರಿಯಲಿಸ್ಟ್ ಬಳಗ ಸೇರಿ ಕವಿಗಳ ಭಾವಚಿತ್ರಗಳನ್ನೂ ಕವಿತೆಗಳಿಗೆ ಚಿತ್ರಗಳನ್ನೂ ಬರೆದಳು. ಮದುವೆ ಮುರಿಯಿತು. ಕೊನೆಯ ವರ್ಷಗಳು ಬಡತನದಲ್ಲಿ ಸಾಗಿದವು. 1968ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಅವಳನ್ನು ನೆನೆದವರು ಹೆಚ್ಚಾಗಿ ಸರ್ರಿಯಲಿಸಂನ ಇತಿಹಾಸಕಾರರು. ಕತ್ತಲಲ್ಲಿ ಬರೆದ ನೋಟ್‌ಬುಕ್ಕುಗಳು ಬ್ಯಾಲೆಯ ಹುಚ್ಚಿದ್ದ ಕೆಲವರಿಗೆ ಮಾತ್ರ ಗೊತ್ತಿದ್ದವು.

ಅವರಲ್ಲೊಬ್ಬ ಇಂಗ್ಲಿಷ್ ವಿಮರ್ಶಕ ರಿಚರ್ಡ್ ಬಕಲ್. 1954ರಲ್ಲಿ ಎಡಿನ್‌ಬರೋ ಮತ್ತು ಲಂಡನ್ನಿನಲ್ಲಿ ದ್ಯಾಗಿಲೆವ್ ನೆನಪಿನ ದೊಡ್ಡ ಪ್ರದರ್ಶನ ಕಟ್ಟಿದವನು ಅವನು; ಜನ ಮರೆಯುತ್ತಿದ್ದ ಬ್ಯಾಲೆ ರೂಸ್‌ಗೆ ಅದು ಮರುಜೀವ ಕೊಟ್ಟಿತು. 1971ರಲ್ಲಿ ವ್ಯಾಲಂಟೀನ್‌ಳ 1909ರಿಂದ 1913ರವರೆಗಿನ ಗೀರುಗಳನ್ನು ಆಯ್ದು, ಯಾವುದು ಯಾವ ಬ್ಯಾಲೆಯ ಯಾವ ಘಳಿಗೆ ಎಂದು ಟಿಪ್ಪಣಿ ಬರೆದು ಪುಸ್ತಕ ಮಾಡಿದ. ಚಿತ್ರಗಳು ಲಂಡನ್ನಿನ ಥಿಯೇಟರ್ ಮ್ಯೂಸಿಯಂ ಸೇರಿ, ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ರಂಗಭೂಮಿ ಸಂಗ್ರಹದಲ್ಲಿವೆ. 1913ರ ‘ವಸಂತಬಲಿ’ಯಲ್ಲಿ ತೊಟ್ಟಿದ್ದ ಉಡುಪುಗಳಲ್ಲಿ ಕೆಲವೂ ಅದೇ ಸಂಗ್ರಹ ಸೇರಿವೆ. ದಪ್ಪ ಉಣ್ಣೆ ಬಟ್ಟೆ. ಅದರ ಮೇಲೆ ರೋರಿಕ್ ವಿನ್ಯಾಸದ ವೃತ್ತಗಳು, ಚೌಕಗಳು, ಅಡ್ಡಪಟ್ಟೆಗಳು.

1970ರ ದಶಕದಲ್ಲಿ ಅಮೆರಿಕದ ಮಿಲಿಸೆಂಟ್ ಹಾಡ್ಸನ್ ಈ ಕಳೆದುಹೋದ ಕುಣಿತದ ಬೆನ್ನು ಹತ್ತಿದರು. ಅವರು ನೃತ್ಯ ಸಂಯೋಜಕಿ, ಇತಿಹಾಸಕಾರ್ತಿ. ಹತ್ತು ವರ್ಷಕ್ಕೂ ಮಿಕ್ಕಿ ಹುಡುಕಿದರು. ವಯಸ್ಸಾಗಿದ್ದ ರ‍್ಯಾಂಬರ್ಟ್‌ರನ್ನು ಕಂಡು ಮಾತಾಡಿಸಿದರು. 1913ರಲ್ಲಿ ಸಹಾಯಕಿಯಾಗಿದ್ದ ರ‍್ಯಾಂಬರ್ಟ್ ತಮ್ಮ ಪಿಯಾನೋ ಸ್ವರಲಿಪಿಯ ಮೇಲೆ ಯಾರು ಯಾವಾಗ ಏನು ಮಾಡುತ್ತಾರೆಂದು ಗುರುತು ಹಾಕಿಕೊಂಡಿದ್ದರು. ಸ್ಟ್ರಾವಿನ್‌ಸ್ಕಿ ತಾಲೀಮಿಗೆಂದು ನೃತ್ಯದ ಸೂಚನೆಗಳನ್ನು ಬರೆದಿದ್ದ ಇನ್ನೊಂದು ಸ್ವರಲಿಪಿಯೂ 1960ರ ದಶಕದಲ್ಲಿ ಬೆಳಕಿಗೆ ಬಂದಿತ್ತು. ಇವೆರಡೂ ಮಾತಿನಲ್ಲಿ ಹೇಳುತ್ತಿದ್ದವು: ಇಲ್ಲಿ ಹುಡುಗಿಯರು ಸುತ್ತುತ್ತಾರೆ, ಇಲ್ಲಿ ನಿಲ್ಲುತ್ತಾರೆ. ಹೇಗೆ ನಿಲ್ಲುತ್ತಾರೆ, ಮೈ ಎತ್ತ ವಾಲಿದೆ ಎಂದು ಕೇಳಿದರೆ ಉತ್ತರ ವ್ಯಾಲಂಟೀನ್‌ಳ ಪುಟದಲ್ಲಿತ್ತು. ಅಲ್ಲಿ ಸ್ವರಲಿಪಿಯ ತುಣುಕೂ ಇದ್ದುದರಿಂದ ಸ್ವರಕ್ಕೆ ಸ್ವರ ಸೇರಿಸಿ, ಮಾತನ್ನೂ ಗೆರೆಯನ್ನೂ ಒಂದೆಡೆ ಕೂಡಿಸಲು ದಾರಿಯಾಯಿತು. ಹಾಡ್ಸನ್ ಪುಟದಿಂದ ಪುಟಕ್ಕೆ ತಮ್ಮದೇ ನೂರಾರು ಚಿತ್ರಗಳನ್ನು ಬರೆದುಕೊಂಡು ಹೋದರು. ಒಬ್ಬಳ ಪೆನ್ಸಿಲ್ ನಿಲ್ಲಿಸಿದ ಕಡೆಯಿಂದ ಇನ್ನೊಬ್ಬರ ಪೆನ್ಸಿಲ್ ಮುಂದುವರಿಯಿತು.

ರೋರಿಕ್‌ರ ದೃಶ್ಯ ಮತ್ತು ಉಡುಪನ್ನು ಮರಳಿ ಕಟ್ಟುವ ಕೆಲಸ ಕಲಾ ಇತಿಹಾಸಕಾರ ಕೆನೆತ್ ಆರ್ಚರ್ ಅವರದು. ಹಾಡ್ಸನ್ ಮತ್ತು ಆರ್ಚರ್ ಈ ಕೆಲಸದಲ್ಲೇ ಜೊತೆಯಾದರು. ಉಡುಪಿನ ಮೇಲಿನ ವೃತ್ತ ಚೌಕಗಳು ನರ್ತಕರು ನೆಲದ ಮೇಲೆ ಮೂಡಿಸುವ ಆಕಾರಗಳಲ್ಲೂ ಮರುಕಳಿಸುತ್ತವೆ ಎಂಬುದು ಅವರಿಗೆ ಹೊಳೆದದ್ದು ಹೀಗೆ ಬಟ್ಟೆಯನ್ನೂ ಗೆರೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ. ಕನ್ನಡನಾಡಿಗೆ ರೋರಿಕ್ ಹೆಸರು ಹೊಸದಲ್ಲ. ರಷ್ಯ ಬಿಟ್ಟ ನಿಕೋಲಸ್ ರೋರಿಕ್ ಕುಲ್ಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ 1947ರಲ್ಲಿ ಅಲ್ಲೇ ತೀರಿಕೊಂಡರು. ಅವರ ಮಗ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಪತ್ನಿ ದೇವಿಕಾರಾಣಿಯವರೊಡನೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದಶಕಗಳ ಕಾಲ ಬಾಳಿ, 1993ರಲ್ಲಿ ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು.

1987ರ ಸೆಪ್ಟೆಂಬರ್ 30ರಂದು ಲಾಸ್ ಏಂಜಲಿಸ್‌ನಲ್ಲಿ ಜಾಫ್ರಿ ಬ್ಯಾಲೆ ಕಂಪನಿ ಈ ಮರುಕಟ್ಟಿದ ‘ವಸಂತಬಲಿ’ಯನ್ನು ಮೊದಲ ಬಾರಿಗೆ ರಂಗಕ್ಕೆ ತಂದಿತು. ಬಲಿಯಾಗುವ ಹುಡುಗಿಯಾಗಿ ಬೆಯಾಟ್ರಿಜ್ ರೊಡ್ರಿಗೆಜ್ ಕುಣಿದರು. 74 ವರ್ಷಗಳ ಮೇಲೆ ಒಳಕ್ಕೆ ತಿರುಗಿದ ಆ ಪಾದಗಳು ಮತ್ತೆ ನೆಲ ತುಳಿದವು. ಆಮೇಲೆ ಪ್ಯಾರಿಸ್ ಒಪೆರಾ, ಸೇಂಟ್ ಪೀಟರ್ಸ್‌ಬರ್ಗ್‌ನ ಮರಿಯಿನ್‌ಸ್ಕಿ ಕಂಪನಿಗಳೂ ಅದನ್ನು ಕುಣಿದವು.

ಇದು ನಿಜಿನ್‌ಸ್ಕಿ ಮಾಡಿದ್ದೇ ಹೌದೇ ಎಂದು ಕೇಳಿದ ವಿದ್ವಾಂಸರೂ ಇದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ವ್ಯಾಲಂಟೀನ್‌ಳ ಒಂದು ಗೀರಿನಿಂದ ಮುಂದಿನ ಗೀರಿಗೆ ಹೋಗುವ ನಡುವೆ ಮೈ ಯಾವ ದಾರಿ ಹಿಡಿಯಿತು? ವೇದಿಕೆಯ ಈ ಮೂಲೆಯನ್ನು ಬರೆಯುತ್ತಿದ್ದಾಗ ಆ ಮೂಲೆಯ ಗುಂಪು ಏನು ಮಾಡುತ್ತಿತ್ತು? ನಿಜಿನ್‌ಸ್ಕಿ ಒಂದೇ ಹೊತ್ತಿಗೆ ಹಲವು ಗುಂಪುಗಳನ್ನು ಬೇರೆ ಬೇರೆ ಲಯದಲ್ಲಿ ಕುಣಿಸುತ್ತಿದ್ದ; ಬರೆಯುವವಳಿಗೆ ಇದ್ದದ್ದು ಒಂದು ಜೊತೆ ಕಣ್ಣು, ಒಂದು ಕೈ. ಇಂಥ ಸಂದುಗಳನ್ನು ಹಾಡ್ಸನ್ ತಮ್ಮ ತಿಳಿವಿನಿಂದ, ಊಹೆಯಿಂದ ತುಂಬಿದರು, ತುಂಬಿದ್ದನ್ನು ಮುಚ್ಚಿಡಲಿಲ್ಲ. 1996ರಲ್ಲಿ ತಂದ ದೊಡ್ಡ ಪುಸ್ತಕದಲ್ಲಿ ಪ್ರತಿ ಹೆಜ್ಜೆಗೂ ಆಧಾರ ಯಾವುದು, ಯಾವ ಗೀರು, ಯಾರ ಮಾತು ಎಂದು ಬಿಡಿಬಿಡಿಯಾಗಿ ಬರೆದಿಟ್ಟರು. ಹಾಗಾಗಿ ಒಪ್ಪದವರೂ ವ್ಯಾಲಂಟೀನ್‌ಳ ಪುಟ ತೆರೆದು ತಾವೇ ನೋಡಬಹುದು. ‘ಜೂ’ ಬ್ಯಾಲೆಯನ್ನೂ ಅದೇ ದಾರಿಯಲ್ಲಿ, ಅವಳ ಪ್ಯಾಸ್ಟೆಲ್‌ಗಳನ್ನು ಮುಂದಿಟ್ಟುಕೊಂಡು ಹಾಡ್ಸನ್ ಮತ್ತು ಆರ್ಚರ್ 1996ರಲ್ಲಿ ಮರಳಿ ಕಟ್ಟಿದರು.

2013ರ ಮೇ 29ರಂದು ಶಾಂಜೆಲೀಜೆ ರಂಗಮಂದಿರ ‘ವಸಂತಬಲಿ’ಯ ನೂರನೆಯ ವರ್ಷವನ್ನು ಆಚರಿಸಿತು. ಮರಿಯಿನ್‌ಸ್ಕಿಯ ನರ್ತಕರು ಅದೇ ವೇದಿಕೆಯ ಮೇಲೆ ಹಾಡ್ಸನ್ ಕಟ್ಟಿದ ನೃತ್ಯವನ್ನು ಕುಣಿದರು. ಎರಡನೆಯ ಭಾಗದಲ್ಲಿ ಆಯ್ಕೆಯಾದ ಹುಡುಗಿಯ ಸುತ್ತ ಕುಲವೆಲ್ಲ ಎಗರುತ್ತದೆ, ತುಳಿಯುತ್ತದೆ. ಅವಳು ಮಾತ್ರ ನಡುವೆ ಅಲುಗಾಡದೆ ನಿಂತಿರುತ್ತಾಳೆ: ಹೆಬ್ಬೆರಳುಗಳು ಒಳಕ್ಕೆ, ಮಂಡಿ ಕೂಡಿಸಿ, ತಲೆ ಒಂದು ಪಕ್ಕಕ್ಕೆ ವಾಲಿಸಿ. ಸಂಗೀತ ಅವಳನ್ನು ಕರೆಯುವವರೆಗೂ ಹಾಗೆಯೇ ನಿಲ್ಲುತ್ತಾಳೆ. ಅವಳ ಎದುರಿಗೆ ಸಭಾಂಗಣದಲ್ಲಿ ನಡುವಿನ ಬಾಕ್ಸುಗಳು. ಅಲ್ಲೇ ನೂರು ವರ್ಷದ ಹಿಂದೆ ವ್ಯಾಲಂಟೀನ್ ನಿಂತು, ಕಣ್ಣು ಕೀಳದೆ ಇತ್ತ ನೋಡುತ್ತಿದ್ದಳು.